ಪದವಿಚಾರ: ‘ಡ್ರಕೋನಿಯನ್’ ಎಂಬ ಮಾತು ಮತ್ತು ದಂಡನೆಯ ಅಳತೆ



ಕಳೆದ ತಿಂಗಳು ನಾವು ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಮೂರು ತಲೆಮಾರುಗಳು ಒಂದೇ ಸೂರಿನಡಿ ಬಾಳುವ ತುಂಬು ಸಂಸಾರ ಅದು. ಪಡಸಾಲೆಯಲ್ಲಿ ಹಿರಿಯರು ಕನ್ನಡ ಪತ್ರಿಕೆಯನ್ನೂ, ಪದವಿ ತರಗತಿಯಲ್ಲಿ ಓದುತ್ತಿರುವ ಅವರ ಮೊಮ್ಮಗನು ಇಂಗ್ಲಿಷ್ ಪತ್ರಿಕೆಯನ್ನೂ ಹಿಡಿದು ಕುಳಿತಿದ್ದರು. ಸುದ್ದಿ ಎರಡರಲ್ಲಿಯೂ ಒಂದೇ. ಹೊಸದಾಗಿ ಬಂದ ಕಾನೂನೊಂದನ್ನು ವಿರೋಧಪಕ್ಷದವರು ಖಂಡಿಸಿದ್ದರು. ಕನ್ನಡ ಪತ್ರಿಕೆ ಅದನ್ನು ‘ಕರಾಳ ಶಾಸನ’ ಎಂದು ಕರೆದಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ‘ಡ್ರಕೋನಿಯನ್ ಲಾ’ ಎಂದಿತ್ತು. ನಾವು ಆಸನದಲ್ಲಿ ಕುಳಿತೊಡನೆಯೇ ಹಿರಿಯರು, “ಗುರುಗಳ, ಇದು ಆ ಚೀನಾದವರ ಡ್ರ್ಯಾಗನ್ ಇರಬೇಕಲ್ರೀ?” ಎಂದು ಕೇಳಿದರು. ಮೊಮ್ಮಗನು ನಕ್ಕು, “ಅಲ್ಲಜ್ಜ, ಡ್ರಕೋನಿಯನ್ ಅಂದ್ರ ಭಾಳ ಸ್ಟ್ರಿಕ್ಟ್ ಅಂತ. ನಮ್ಮ ಪ್ರಿನ್ಸಿಪಾಲರೂ ಡ್ರಕೋನಿಯನ್ನೇ. ನೂರಕ್ಕ ಎಪ್ಪತ್ತೈದು ಹಾಜರಿ ಇಲ್ಲಂದ್ರ ಪರೀಕ್ಷೆಗೇ ಕೂಡಸೂದಿಲ್ಲ” ಎಂದನು.

ಅಜ್ಜನ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಮೊಮ್ಮಗನ ಮಾತಿನಲ್ಲಿಯೂ ಸ್ವಲ್ಪ ಸತ್ಯವಿತ್ತು. ಆದರೆ ಇಬ್ಬರೂ ಆ ಪದದ ತಿರುಳನ್ನು ಮುಟ್ಟಿರಲಿಲ್ಲ. ಊಟದ ವೇಳೆಗೆ ಪೂರ್ತಿ ಹೇಳಲಾಗದ ವಿಷಯವಾದ್ದರಿಂದ, “ಈ ಸಲದ ಅಂಕಣದಲ್ಲಿ ಬರೆಯುತ್ತೇವೆ, ಇಬ್ಬರೂ ಕೂಡಿ ಓದಿರಿ” ಎಂದು ಹೇಳಿ ಬಂದೆವು. ಆ ಮಾತನ್ನು ಈಗ ಸಲ್ಲಿಸುತ್ತಿದ್ದೇವೆ.

‘ಡ್ರಕೋನಿಯನ್’ ಎಂಬುದು ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿದ ವಿಶೇಷಣ. ಆತನ ಹೆಸರು ಡ್ರೇಕೋ. ಗ್ರೀಕರ ಉಚ್ಚಾರದಲ್ಲಿ ದ್ರಾಕೋನ್. ಆತನು ಗ್ರೀಸ್ ದೇಶದ ಅಥೆನ್ಸ್ ನಗರದವನು. ಕ್ರಿಸ್ತಪೂರ್ವ 621ರ ಸುಮಾರಿಗೆ ಆ ನಗರಕ್ಕೆ ಕಾನೂನುಗಳನ್ನು ಬರೆದುಕೊಟ್ಟವನು. ‘ಬರೆದುಕೊಟ್ಟವನು’ ಎಂಬ ಮಾತನ್ನು ಓದುಗರು ಗಮನಿಸಬೇಕು. ಅದಕ್ಕೆ ಮೊದಲು ಅಥೆನ್ಸಿನಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಅದು ಬರಹದಲ್ಲಿ ಇರಲಿಲ್ಲ. ಕುಲೀನ ಮನೆತನಗಳ ಹಿರಿಯರ ನಾಲಗೆಯ ಮೇಲೆ ಇತ್ತು. ಅವರು ಹೇಳಿದ್ದೇ ನ್ಯಾಯ, ನೆನಪಿಸಿಕೊಂಡದ್ದೇ ಸಂಪ್ರದಾಯ. ಇಂದು ಒಬ್ಬನಿಗೆ ಒಂದು ನ್ಯಾಯ, ನಾಳೆ ಇನ್ನೊಬ್ಬನಿಗೆ ಇನ್ನೊಂದು ನ್ಯಾಯವಾದರೆ ಬಡವನು ಯಾವುದನ್ನು ತೋರಿಸಿ ಕೇಳಬೇಕು? ಕೊಲೆಯಾದರೆ ಸತ್ತವನ ಬಂಧುಗಳು ಕೊಂದವನ ಮನೆತನದ ಮೇಲೆ ಸೇಡು ತೀರಿಸಿಕೊಳ್ಳುವುದು ಆಗಿನ ರೂಢಿ. ಡ್ರೇಕೋನಿಗಿಂತ ಸುಮಾರು ಹತ್ತು ವರ್ಷ ಮೊದಲು ಸೈಲನ್ ಎಂಬಾತನು ನಗರದ ಅಧಿಕಾರವನ್ನು ಕಸಿದುಕೊಳ್ಳಲು ಹೊರಟು ಸೋತಾಗ, ದೇವರ ಸನ್ನಿಧಿಯಲ್ಲಿ ಆಶ್ರಯ ಬೇಡಿದ ಅವನ ಅನುಯಾಯಿಗಳನ್ನು ಕೊಲ್ಲಲಾಯಿತು. ಆ ರಕ್ತದ ಹಗೆ ಬೆಳೆದುದರಿಂದಲೇ ಬರೆದ ಕಾನೂನು ಬೇಕಾಯಿತೆಂದು ಇತಿಹಾಸಕಾರರು ಊಹಿಸುತ್ತಾರೆ.

ಹೀಗೆ ಬರಹದಲ್ಲಿ ಬಂದ ಕಾನೂನನ್ನು ಎಲ್ಲರೂ ನೋಡಬಹುದಾಗಿತ್ತು. ಅದೊಂದು ಉಪಕಾರವೇ. ಆದರೆ ಅದರಲ್ಲಿ ಹೇಳಿದ ದಂಡನೆಗಳನ್ನು ಕಂಡು ಜನ ನಡುಗಿದರು. ಪ್ಲುಟಾರ್ಕ್ ಎಂಬ ಲೇಖಕನು ಹೇಳುವಂತೆ, ಹೆಚ್ಚುಕಡಿಮೆ ಎಲ್ಲ ಅಪರಾಧಗಳಿಗೂ ಒಂದೇ ಶಿಕ್ಷೆ: ಮರಣ. ದುಡಿಯದೆ ಸೋಮಾರಿಯಾಗಿ ಕಾಲ ಕಳೆದವನಿಗೆ ಮರಣ, ಕಾಯಿಪಲ್ಲೆಯನ್ನೋ ಹಣ್ಣನ್ನೋ ಕದ್ದವನಿಗೆ ಮರಣ, ದೇವಾಲಯವನ್ನು ದೋಚಿದವನಿಗೂ ಕೊಲೆಗಾರನಿಗೂ ಅದೇ ಮರಣ. ಹೀಗೇಕೆಂದು ಯಾರೋ ಕೇಳಿದಾಗ ಡ್ರೇಕೋ ಕೊಟ್ಟನೆನ್ನಲಾದ ಉತ್ತರದ ತಾತ್ಪರ್ಯ ಇಷ್ಟು: ಸಣ್ಣ ತಪ್ಪುಗಳು ಸಾವಿಗೆ ತಕ್ಕವೇ ಆಗಿವೆ, ದೊಡ್ಡ ತಪ್ಪುಗಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ತನಗೆ ತೋಚಲಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಡೆಮಾಡಿಸ್ ಎಂಬ ವಾಗ್ಮಿಯು ಈ ಕಾನೂನುಗಳನ್ನು ಶಾಯಿಯಿಂದಲ್ಲ, ನೆತ್ತರಿನಿಂದ ಬರೆದದ್ದೆಂದು ಹಾಸ್ಯ ಮಾಡಿದನಂತೆ. ಅರಿಸ್ಟಾಟಲನೂ ಡ್ರೇಕೋನ ಕಾನೂನುಗಳ ಬಗೆಗೆ ಹೇಳಬೇಕಾದ ವಿಶೇಷವೆಂದರೆ ಶಿಕ್ಷೆಯ ಭಾರವೊಂದೇ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಪ್ಲುಟಾರ್ಕನು ಬರೆದದ್ದು ಡ್ರೇಕೋ ಬಾಳಿದ ಏಳುನೂರು ವರ್ಷಗಳ ಮೇಲೆ ಎಂಬುದನ್ನು ನೆನೆದು, ಕಥೆಯಲ್ಲಿ ಒಂದಷ್ಟು ಉಪ್ಪುಖಾರ ಸೇರಿರಬಹುದೆಂದು ನಾವು ಎಚ್ಚರದಿಂದ ಇರಬೇಕು. ಆದರೂ ಹೆಸರು ನಿಂತುಹೋಯಿತು. ಅಪರಾಧದ ಅಳತೆಯನ್ನು ಮೀರಿ ದಂಡಿಸುವ ಕಾನೂನಿಗೆ ಆತನ ಹೆಸರೇ ಅಂಟಿಕೊಂಡಿತು.

ಇನ್ನು ಅಜ್ಜನ ಡ್ರ್ಯಾಗನ್ನಿನ ವಿಚಾರ. ಗ್ರೀಕ್ ಭಾಷೆಯಲ್ಲಿ ‘ದ್ರಾಕೋನ್’ ಎಂದರೆ ಮಹಾಸರ್ಪ. ಇಂಗ್ಲಿಷಿನ ಡ್ರ್ಯಾಗನ್ ಎಂಬ ಪದ ಬಂದದ್ದೂ ಅಲ್ಲಿಂದಲೇ. ನಮ್ಮಲ್ಲಿ ನಾಗಪ್ಪ, ನಾಗಮ್ಮ ಎಂದು ಹೆಸರಿಡುವ ಹಾಗೆ ಅವರಲ್ಲಿ ದ್ರಾಕೋನ್ ಎಂಬುದು ಮನುಷ್ಯರ ಹೆಸರೂ ಆಗಿತ್ತು. ಆದ್ದರಿಂದ ಅಜ್ಜ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಡ್ರಕೋನಿಯನ್ ಎಂಬ ವಿಶೇಷಣದ ಅರ್ಥ ಹುಟ್ಟಿದ್ದು ಹಾವಿನಿಂದಲ್ಲ, ಹಾವಿನ ಹೆಸರಿದ್ದ ಮನುಷ್ಯನಿಂದ.

ನಮ್ಮ ಪತ್ರಿಕೆಗಳು ಬಳಸುವ ‘ಕರಾಳ’ ಎಂಬ ಪದವನ್ನೂ ಇಲ್ಲಿ ನೋಡಬೇಕು. ಅನೇಕರು ಕರಾಳ ಎಂದರೆ ಕಪ್ಪು ಎಂದು ಭಾವಿಸಿದ್ದಾರೆ. ಕರಿ, ಕಾಳ ಎಂಬ ಪದಗಳ ದನಿ ಅದರಲ್ಲಿ ಕೇಳಿಬರುವುದೇ ಇದಕ್ಕೆ ಕಾರಣವಿರಬೇಕೆಂದು ನಮ್ಮ ಊಹೆ. ಸಂಸ್ಕೃತದಲ್ಲಿ ಕರಾಳವೆಂದರೆ ಬಾಯಿ ತೆರೆದ, ಹಲ್ಲು ಹೊರಚಾಚಿದ, ಅದರಿಂದಾಗಿ ಭಯಂಕರವಾದ ಎಂದು ಅರ್ಥ. ಕೋರೆಹಲ್ಲಿನ ಬಾಯಿಯ ಚಿತ್ರ ಅದರಲ್ಲಿದೆ. ಆ ಕಡೆ ಮಹಾಸರ್ಪ, ಈ ಕಡೆ ಕೋರೆಹಲ್ಲು. ‘ಡ್ರಕೋನಿಯನ್ ಲಾ’ ಎಂಬುದನ್ನು ‘ಕರಾಳ ಶಾಸನ’ವೆಂದು ಕನ್ನಡಿಸಿದ ಪತ್ರಕರ್ತ ಯಾರೋ ತಿಳಿಯದು, ಆದರೆ ಅವನು ಒಳ್ಳೆಯ ಪದವನ್ನೇ ಹಿಡಿದುತಂದನು.

ಈಗ ಮೊಮ್ಮಗನ ಮಾತಿಗೆ ಬರೋಣ. ಡ್ರಕೋನಿಯನ್ ಎಂದರೆ ‘ಭಾಳ ಸ್ಟ್ರಿಕ್ಟ್’ ಎಂಬುದು ಸರಿಯೇ? ಸರಿಯಲ್ಲ. ಕನ್ನಡದಲ್ಲಿ ಕಟ್ಟುನಿಟ್ಟು ಎಂಬ ಸೊಗಸಾದ ಪದವಿದೆ. ನಿಯಮವನ್ನು ಬಿಗಿಯಾಗಿ, ಎಲ್ಲರಿಗೂ ಒಂದೇ ತೆರನಾಗಿ, ದಿನವೂ ನಡೆಸುವುದು ಕಟ್ಟುನಿಟ್ಟು. ಕಟ್ಟಳೆ ಎಂಬ ಪದದಲ್ಲಿಯೂ ‘ಕಟ್ಟು’ ಇದೆ. ಹೊರೆಯನ್ನು ಬಿಗಿಯಾಗಿ ಕಟ್ಟದಿದ್ದರೆ ದಾರಿಯಲ್ಲಿ ಬಿಚ್ಚಿಹೋಗುತ್ತದೆ. ಆದ್ದರಿಂದ ಕಟ್ಟುನಿಟ್ಟು ಒಂದು ಗುಣ. ಇಂಗ್ಲಿಷಿನ ಸ್ಟ್ರಿಕ್ಟ್ ಎಂಬ ಪದಕ್ಕೂ ಬಿಗಿಯುವುದು ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವೇ ಮೂಲ. ಅದರ ಮುಂದಿನ ಮೆಟ್ಟಿಲು ‘ರಿಗರಸ್’, ಅಂದರೆ ಕಠಿಣ. ನ್ಯಾಯಾಲಯದ ಸುದ್ದಿಗಳಲ್ಲಿ ಓದುವ ‘ಕಠಿಣ ಸಜೆ’ಯಲ್ಲಿರುವುದು ಇದೇ ಪದ, ದುಡಿಮೆಯೊಡನೆ ಅನುಭವಿಸಬೇಕಾದ ಸೆರೆವಾಸವೆಂದು ಅದರ ಕಾನೂನಿನ ಅರ್ಥ. ಇವೆರಡರಲ್ಲಿಯೂ ನಿಂದೆಯಿಲ್ಲ. ಡ್ರಕೋನಿಯನ್ ಎಂಬುದರಲ್ಲಿ ಮಾತ್ರ ನಿಂದೆ ಇದ್ದೇ ಇದೆ. ಅದನ್ನು ಬಳಸಿದವನು ವರ್ಣನೆ ಮಾಡುತ್ತಿಲ್ಲ, ಆರೋಪ ಮಾಡುತ್ತಿದ್ದಾನೆ. ಆರೋಪ ಮಾಡಿದವನು ಅದನ್ನು ಸಿದ್ಧಪಡಿಸಲೂ ಬೇಕು.

ಇನ್ನೊಂದು ಭೇದವೂ ಇದೆ. ಡ್ರಕೋನಿಯನ್ ಎಂಬುದು ಕಾನೂನಿಗೆ, ನಿಯಮಕ್ಕೆ, ದಂಡನೆಗೆ ಸಲ್ಲುವ ಪದ. ನಿಯಮದ ಹುಚ್ಚು ಹಿಡಿದ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಬೇರೆಯೇ ಪದವಿದೆ: ‘ಮಾರ್ಟಿನೆಟ್’. ಅದೂ ಒಬ್ಬನ ಹೆಸರೇ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ಜಾನ್ ಮಾರ್ಟಿನೆ ಎಂಬ ಸೇನಾಧಿಕಾರಿ ಕಾಲಾಳುಗಳಿಗೆ ಕವಾಯತು ಕಲಿಸುವುದರಲ್ಲಿ ಬಲು ಬಿಗಿಯವನಾಗಿದ್ದನು. ಆತನು 1672ರಲ್ಲಿ ಯುದ್ಧದಲ್ಲಿಯೇ ಮಡಿದನು. ಗುಂಡಿ ಹಾಕಿಲ್ಲ, ಹೆಜ್ಜೆ ತಪ್ಪಿತು ಎಂದು ಪ್ರತಿಯೊಂದಕ್ಕೂ ಗದರುವ ಅಧಿಕಾರಿಯನ್ನು ಇಂದಿಗೂ ಅವನ ಹೆಸರಿನಿಂದ ಕರೆಯುತ್ತಾರೆ. ನಮ್ಮ ತರುಣ ಮಿತ್ರನು ತನ್ನ ಪ್ರಾಂಶುಪಾಲರ ಮೇಲೆ ಸಿಟ್ಟು ತೀರಿಸಿಕೊಳ್ಳಲೇಬೇಕೆಂದಿದ್ದರೆ ಈ ಎರಡನೆಯ ಪದವನ್ನು ಬಳಸಬಹುದು. ಆದರೆ ಅವರ ಹಾಜರಿಯ ನಿಯಮವನ್ನು ಡ್ರಕೋನಿಯನ್ ಎನ್ನಲಾಗದು. ವರ್ಷದ ಮೊದಲ ದಿನವೇ ಅದನ್ನು ತಿಳಿಸಿದ್ದಾರೆ. ನೂರರಲ್ಲಿ ಇಪ್ಪತ್ತೈದು ದಿನಗಳ ವಿನಾಯಿತಿಯೂ ಅದರಲ್ಲಿಯೇ ಅಡಗಿದೆ. ಹಾಗಲ್ಲದೆ, ತಾಯಿಯ ಕಾಯಿಲೆಗೆಂದು ಆಸ್ಪತ್ರೆಯಲ್ಲಿದ್ದ ಹುಡುಗನನ್ನೂ ಚಲನಚಿತ್ರ ನೋಡಲು ಹೋದ ಹುಡುಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಏನೆಂದು ಕೇಳದೆ ಇಬ್ಬರ ವರ್ಷವನ್ನೂ ಹಾಳುಮಾಡಿದರೆ, ಆಗ ಆ ಪದ ಹತ್ತಿರ ಬರುತ್ತದೆ.

ಹಾಗಾದರೆ ಈ ಪದವನ್ನು ಬಳಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮಗೆ ತೋರುತ್ತದೆ. ತಪ್ಪಿಗಿಂತ ದಂಡನೆ ಬಹಳ ದೊಡ್ಡದಾಗಿದೆಯೇ? ತಪ್ಪು ತಪ್ಪುಗಳ ನಡುವೆ, ಮನಸ್ಸು ಮನಸ್ಸುಗಳ ನಡುವೆ ಅದು ಭೇದ ಮಾಡುವುದಿಲ್ಲವೇ? ತಪ್ಪಿತಸ್ಥನೆನಿಸಿಕೊಂಡವನಿಗೆ ಬಾಯಿ ಬಿಡಲು ಅವಕಾಶವಿಲ್ಲವೇ?

ಈ ಮೂರನೆಯ ಪ್ರಶ್ನೆಗೆ ನಮ್ಮ ದೇಶದ ಇತಿಹಾಸದಲ್ಲಿಯೇ ದೊಡ್ಡ ಉದಾಹರಣೆಯಿದೆ. ಬ್ರಿಟಿಷ್ ಸರ್ಕಾರವು 1919ರ ಮಾರ್ಚ್ ತಿಂಗಳಲ್ಲಿ ಜಾರಿಗೆ ತಂದ ರೌಲೆಟ್ ಕಾಯ್ದೆಯ ಪ್ರಕಾರ, ಸಂಶಯ ಬಂದವರನ್ನು ವಿಚಾರಣೆಯಿಲ್ಲದೆ ಬಂಧಿಸಿಡಬಹುದಾಗಿತ್ತು. ವಿಶೇಷ ನ್ಯಾಯಾಲಯದ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ವಾದವಿಲ್ಲ, ವಕೀಲನಿಲ್ಲ, ಅಪೀಲಿಲ್ಲ ಎಂದು ಜನ ಆಡಿಕೊಂಡರು. ಗಾಂಧೀಜಿಯವರು ಅದರ ವಿರುದ್ಧ ಸತ್ಯಾಗ್ರಹಕ್ಕೆ ಕರೆಕೊಟ್ಟರು. ಆ ವರ್ಷದ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದ ಹತ್ಯಾಕಾಂಡ ಎಲ್ಲರಿಗೂ ಗೊತ್ತು. ಕಾಯ್ದೆಯನ್ನು 1922ರಲ್ಲಿ ಹಿಂತೆಗೆದುಕೊಂಡರು. ಅದಕ್ಕೆ ಕರಾಳ ಎಂಬ ಪದ ಯೋಗ್ಯವಾಗಿಯೇ ಸಲ್ಲುತ್ತದೆ.

ಎರಡನೆಯ ಪ್ರಶ್ನೆಗೆ ಸ್ವತಂತ್ರ ಭಾರತದ ಉದಾಹರಣೆಯನ್ನೇ ಕೊಡಬಹುದು. ಹಳೆಯ ಭಾರತೀಯ ದಂಡ ಸಂಹಿತೆಯ 303ನೆಯ ಕಲಮಿನಲ್ಲಿ, ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನು ಕೊಲೆ ಮಾಡಿದರೆ ಅವನಿಗೆ ಮರಣದಂಡನೆಯೊಂದೇ ಎಂದು ಬರೆದಿತ್ತು. ಯಾವ ಸಂದರ್ಭ, ಯಾವ ಪ್ರಚೋದನೆ, ಯಾವ ವಯಸ್ಸು ಎಂದು ನೋಡಲು ನ್ಯಾಯಾಧೀಶರಿಗೆ ಎಡೆಯೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 1983ರಲ್ಲಿ ಆ ಕಲಮನ್ನು ಸಂವಿಧಾನಕ್ಕೆ ವಿರುದ್ಧವೆಂದು ತೆಗೆದುಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಂಥ ಅಪರಾಧಕ್ಕೆ ಮರಣ ಅಥವಾ ಉಳಿದ ಜೀವಮಾನದ ಸೆರೆವಾಸ ಎಂದು ಎರಡು ದಾರಿಗಳನ್ನು ಇಟ್ಟಿದ್ದಾರೆ. ತೂಗಿ ನೋಡುವ ಕೆಲಸ ಮತ್ತೆ ಮನುಷ್ಯನ ಕೈಗೆ ಬಂದಿದೆ.

ಮೊದಲನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದರಲ್ಲಿಯೇ ನಾವು ಹೇಳಬೇಕೆಂದಿರುವ ಸಂಗತಿಯಿದೆ. ಶಿಕ್ಷೆ ಘೋರವಾದಷ್ಟೂ ಕಾನೂನು ಬಿಗಿಯಾಗಿ ನಡೆಯುತ್ತದೆಂದು ನಾವೆಲ್ಲ ನಂಬಿದ್ದೇವೆ. ನಿಜವಾಗಿ ಆಗುವುದು ಅದರ ವಿರುದ್ಧ.

ಇಂಗ್ಲೆಂಡಿನ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದಲ್ಲಿ ಗಲ್ಲಿಗೆ ಗುರಿಯಾಗುವ ಅಪರಾಧಗಳು ಇನ್ನೂರಕ್ಕೂ ಹೆಚ್ಚಿದ್ದವು. ಆ ಕಾನೂನುಗಳ ರಾಶಿಯನ್ನೇ ಮುಂದಿನವರು ‘ರಕ್ತ ಸಂಹಿತೆ’ ಎಂದು ಕರೆದರು. ಅಂಗಡಿಯಲ್ಲಿ ಐದು ಶಿಲಿಂಗ್ ಬೆಲೆಯ ಸಾಮಾನನ್ನು ಗುಟ್ಟಾಗಿ ಕದ್ದರೆ ಗಲ್ಲು. ವಾಸದ ಮನೆಯಿಂದ ನಲವತ್ತು ಶಿಲಿಂಗ್ ಬೆಲೆಯದನ್ನು ಕದ್ದರೆ ಗಲ್ಲು. ಆಗ ನ್ಯಾಯಾಲಯಗಳಲ್ಲಿ ಪಂಚರಾಗಿ ಕುಳಿತ ಸಾಮಾನ್ಯ ನಾಗರಿಕರು ಏನು ಮಾಡಿದರು ಗೊತ್ತೇ? ಕದ್ದ ವಸ್ತುವಿನ ಬೆಲೆ ಎಷ್ಟೇ ಇರಲಿ, ಅದು ಮೂವತ್ತೊಂಬತ್ತು ಶಿಲಿಂಗ್ ಎಂದು ತೀರ್ಮಾನ ಬರೆಯತೊಡಗಿದರು. ನಲವತ್ತು ಎಂದರೆ ಪ್ರಾಣ ಹೋಗುತ್ತದೆ. ಮೂವತ್ತೊಂಬತ್ತು ಎಂದರೆ ಉಳಿಯುತ್ತದೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಕುಳಿತವರು, ದೇವರಿಗೆ ಅಂಜಿಯೇ ಸುಳ್ಳು ಬರೆದರು. ಕಾನೂನು ಪಂಡಿತರು ಇದನ್ನು ‘ಭಕ್ತಿಯ ಸುಳ್ಳು’ ಎಂಬರ್ಥದ ಮಾತಿನಿಂದ ಕರೆದರು.

ಇದಕ್ಕಿಂತ ವಿಚಿತ್ರವಾದದ್ದು ಖೋಟಾ ಸಹಿಯ ವಿಚಾರ. ಖೋಟಾ ದಸ್ತಾವೇಜಿಗೆ ಆಗ ಗಲ್ಲು ಶಿಕ್ಷೆಯಿತ್ತು. ಅದರಿಂದ ರಕ್ಷಣೆ ಪಡೆಯಬೇಕಾದವರು ಬ್ಯಾಂಕುಗಳ ಒಡೆಯರು. 1830ರಲ್ಲಿ ಆ ಒಡೆಯರೇ, ಸಾವಿರಕ್ಕೂ ಮೇಲ್ಪಟ್ಟು ಜನ, ಸಹಿ ಹಾಕಿ ಪಾರ್ಲಿಮೆಂಟಿಗೆ ಮನವಿ ಕೊಟ್ಟರು: ದಯಮಾಡಿ ಈ ಶಿಕ್ಷೆಯನ್ನು ಇಳಿಸಿರಿ! ಗಲ್ಲಿನ ಭಯದಿಂದ ಯಾರೂ ದೂರು ಕೊಡಲು ಬರುವುದಿಲ್ಲ, ಸಾಕ್ಷಿ ಹೇಳುವುದಿಲ್ಲ, ಪಂಚರು ಅಪರಾಧಿಯೆಂದು ಹೇಳುವುದಿಲ್ಲ. ಹೀಗಾಗಿ ಮೋಸಗಾರನು ಸಲೀಸಾಗಿ ಪಾರಾಗುತ್ತಾನೆ ಎಂಬುದು ಅವರ ಅಳಲು. 1837ರ ಹೊತ್ತಿಗೆ ಆ ಅಪರಾಧಕ್ಕೆ ಮರಣದಂಡನೆ ಪೂರ್ತಿಯಾಗಿ ರದ್ದಾಯಿತು. ಅದೇ ವರ್ಷ ಮೆಕಾಲೆಯ ಆಯೋಗವು ಭಾರತಕ್ಕಾಗಿ ದಂಡ ಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಅದು 1860ರಲ್ಲಿ ಕಾನೂನಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಾಗ ಗಲ್ಲಿಗೆ ಗುರಿಯಾಗುವ ಅಪರಾಧಗಳು ಅದರಲ್ಲಿ ಬೆರಳೆಣಿಕೆಯಷ್ಟೇ ಇದ್ದವು.

ಇಟಲಿಯ ಬೆಕಾರಿಯಾ ಎಂಬ ವಿಚಾರವಂತನು 1764ರಲ್ಲಿ ಪ್ರಕಟಿಸಿದ ಅಪರಾಧ ಮತ್ತು ಶಿಕ್ಷೆಗಳ ಬಗೆಗಿನ ಚಿಕ್ಕ ಪುಸ್ತಕದಲ್ಲಿ ಇದರ ಮರ್ಮವನ್ನು ಮೊದಲೇ ಬಿಡಿಸಿದ್ದನು. ತಪ್ಪನ್ನು ತಡೆಯುವುದು ಶಿಕ್ಷೆಯ ಘೋರತೆಯಲ್ಲ, ಅದರ ಖಚಿತತೆ ಎಂಬುದು ಆತನ ನಿಲುವು. ಚಿಕ್ಕ ಶಿಕ್ಷೆಯಾದರೂ ತಪ್ಪದೆ ಬರುತ್ತದೆಂದು ಗೊತ್ತಿದ್ದರೆ ಮನುಷ್ಯನು ಅಂಜುತ್ತಾನೆ. ಭಯಂಕರ ಶಿಕ್ಷೆಯಾದರೂ ಬರುವುದೋ ಇಲ್ಲವೋ ಎಂಬಂತಿದ್ದರೆ ಅದೃಷ್ಟವನ್ನು ಪರೀಕ್ಷಿಸಲು ಹೊರಡುತ್ತಾನೆ.

ಈ ಸತ್ಯವನ್ನು ನಾವು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ಒಬ್ಬ ಅಡುಗೆಯವನಿಂದ ಕಲಿತೆವು. ಹೇಳಿಕೊಳ್ಳಲು ಸಂಕೋಚವಾದರೂ ಹೇಳುತ್ತೇವೆ.

ನಲವತ್ತು ವರ್ಷಗಳ ಹಿಂದಿನ ಮಾತು. ನಾವು ಮಠದಲ್ಲಿ ಓದು ಮುಗಿಸಿದ ಹೊಸತು. ಅಲ್ಲಿಯ ಉಚಿತ ಪ್ರಸಾದ ನಿಲಯದ ಮೇಲ್ವಿಚಾರಣೆಯನ್ನು ನಮಗೆ ಒಪ್ಪಿಸಿದ್ದರು. ಹಳ್ಳಿಗಳಿಂದ ಬಂದ ಬಡ ಮಕ್ಕಳು; ಸಂಜೆಯ ಪ್ರಾರ್ಥನೆಗೆ ಕೆಲವರು ತಡವಾಗಿ ಬರುತ್ತಿದ್ದರು. ತಾರುಣ್ಯದ ಬಿಸಿಯಲ್ಲಿ ನಾವೊಂದು ನಿಯಮ ಮಾಡಿದೆವು. ಗಂಟೆ ಬಾರಿಸಿದ ಮೇಲೆ ಬಂದವರಿಗೆ ಆ ರಾತ್ರಿ ಊಟವಿಲ್ಲ. ಕಾರಣ ಕೇಳುವಂತಿಲ್ಲ, ಹೇಳುವಂತಿಲ್ಲ. ಮೊದಲ ವಾರ ಎಲ್ಲರೂ ಸರಿಯಾದ ಸಮಯಕ್ಕೆ ಬಂದರು, ನಾವು ಹಿಗ್ಗಿದೆವು. ತಿಂಗಳು ಕಳೆಯುವಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಒಬ್ಬನೂ ಗೈರುಹಾಜರಿಲ್ಲ. ಇದು ನಮ್ಮ ಶಿಸ್ತಿನ ಫಲವೆಂದೇ ನಂಬಿದ್ದೆವು.

ಒಂದು ರಾತ್ರಿ ದನದ ಕೊಟ್ಟಿಗೆಯ ಕಡೆಗೆ ಹೋದಾಗ, ಕಂದೀಲಿನ ಬೆಳಕಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನು ಗೋದಲಿಯ ಮರೆಯಲ್ಲಿ ಕುಳಿತು ರೊಟ್ಟಿ ಪಲ್ಲೆ ತಿನ್ನುತ್ತಿದ್ದುದನ್ನು ಕಂಡೆವು. ಪಕ್ಕದಲ್ಲಿ ನಮ್ಮ ಅಡುಗೆಯವನು ನೀರಿನ ತಂಬಿಗೆ ಹಿಡಿದು ನಿಂತಿದ್ದನು. ನೋಡಲು ಬಂದಿದ್ದ ತಂದೆಯನ್ನು ಬಸ್ಸು ಹತ್ತಿಸಲು ಆ ಹುಡುಗ ಹೋಗಿದ್ದನಂತೆ. ಬಸ್ಸು ತಡವಾಗಿ ಬಂತಂತೆ. ಅವನ ಪರವಾಗಿ ಇನ್ನೊಬ್ಬ ಹುಡುಗ ಹಾಜರಿ ಕೂಗಿದ್ದನು. ಹೀಗೆಯೇ ದಿನವೂ ನಡೆಯುತ್ತಿತ್ತು. ನಮ್ಮೊಬ್ಬರನ್ನು ಬಿಟ್ಟು ನಿಲಯದ ಎಲ್ಲರಿಗೂ ಗೊತ್ತಿತ್ತು. ನಾವು ಅಡುಗೆಯವನ ಮೇಲೆ ಸಿಟ್ಟಾದೆವು. ಆತನು ತಲೆ ತಗ್ಗಿಸಿಯೇ ಹೇಳಿದನು: “ತಡಾ ಮಾಡಿ ಬಂದಾನ್ರೀ, ತಪ್ಪು ಖರೇ. ಆದ್ರ ಹಸಿವೇನು ತಪ್ಪು ಮಾಡೈತ್ರೀ?”

ನಮಗೆ ಉತ್ತರ ಹೊಳೆಯಲಿಲ್ಲ. ಮರುದಿನ ಹಿರಿಯ ಶ್ರೀಗಳ ಮುಂದೆ ಎಲ್ಲವನ್ನೂ ಅರಿಕೆ ಮಾಡಿಕೊಂಡೆವು. ಅಡುಗೆಯವನನ್ನು ದಂಡಿಸಬಹುದೆಂದು ಒಳಗೊಳಗೇ ಎಣಿಸಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ನಿಯಮ ಎಷ್ಟು ಮಂದಿಯನ್ನ ಸುಳ್ಳು ಹೇಳಾಕ ಹಚ್ಚೇತಿ, ಎಣಿಸೀರೇನು?” ಎಂದು ಮಾತ್ರ ಕೇಳಿದರು. ಆ ದಿನವೇ ನಿಯಮ ಬದಲಾಯಿತು. ತಡವಾಗಿ ಬಂದವನು ಕಾರಣವನ್ನು ಹೇಳಬೇಕು. ಕಾರಣ ಸರಿಯಿಲ್ಲದಿದ್ದರೆ ಎಲ್ಲರ ಕೊನೆಗೆ ಉಣ್ಣಬೇಕು, ಉಂಡ ಮೇಲೆ ದೊಡ್ಡ ಪಾತ್ರೆಗಳನ್ನು ತಿಕ್ಕಬೇಕು. ಈ ನಿಯಮವನ್ನು ಒಂದು ದಿನವೂ ಸಡಿಲಿಸಲಿಲ್ಲ. ಸಡಿಲಿಸುವ ಅಗತ್ಯವೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಗಳು ಕಾಣಿಸಿಕೊಂಡವು, ಆದರೆ ಅವು ನಿಜವಾದ ಗೈರುಹಾಜರಿಗಳು. ಕ್ರಮೇಣ ಕಡಿಮೆಯೂ ಆದವು. ಎಷ್ಟೋ ವರ್ಷಗಳ ಮೇಲೆ ಮೂವತ್ತೊಂಬತ್ತು ಶಿಲಿಂಗಿನ ಕಥೆಯನ್ನು ಓದಿದಾಗ, ಆ ಇಂಗ್ಲಿಷ್ ಪಂಚರ ಸಾಲಿನಲ್ಲಿ ತಂಬಿಗೆ ಹಿಡಿದ ನಮ್ಮ ಅಡುಗೆಯವನೂ ಕುಳಿತಿರುವಂತೆ ನಮಗೆ ಕಂಡಿತು. ಡ್ರೇಕೋ ಯಾರೆಂಬುದನ್ನು ಹೇಳಬೇಕಾಗಿಯೇ ಇರಲಿಲ್ಲ.

ಮೊದಲು ಮಾಡಿದ್ದು ಡ್ರಕೋನಿಯನ್ ನಿಯಮ. ಆಮೇಲೆ ಮಾಡಿದ್ದು ಕಟ್ಟುನಿಟ್ಟಿನ ನಿಯಮ. ಭೇದವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನಮಗೆ ಬಾರದು.

ಆದರೆ ನಮಗೆ ಬೇಡವಾದ ಪ್ರತಿಯೊಂದು ನಿಯಮಕ್ಕೂ ಈ ಪದವನ್ನು ಅಂಟಿಸುವುದು ಸಲ್ಲದು. 2019ರ ಸೆಪ್ಟೆಂಬರ್ 1ರಿಂದ ದೇಶದಲ್ಲಿ ವಾಹನ ಸಂಚಾರದ ದಂಡಗಳು ಒಮ್ಮೆಗೇ ಏರಿದವು. ಶಿರಸ್ತ್ರಾಣವಿಲ್ಲದೆ ದ್ವಿಚಕ್ರ ವಾಹನ ನಡೆಸಿದರೆ ನೂರು ರೂಪಾಯಿ ಇದ್ದದ್ದು ಸಾವಿರವಾಯಿತು. ಕುಡಿದು ವಾಹನ ನಡೆಸಿದರೆ ಎರಡು ಸಾವಿರ ಇದ್ದದ್ದು ಹತ್ತು ಸಾವಿರವಾಯಿತು. ಆಗಲೂ ಡ್ರಕೋನಿಯನ್ ಎಂಬ ಕೂಗು ಎದ್ದಿತು. ಅದೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವು ಕೆಲವು ದಂಡಗಳನ್ನು ಇಳಿಸಿ, ಶಿರಸ್ತ್ರಾಣದ ದಂಡವನ್ನು ಐದುನೂರಕ್ಕೆ ತಂದಿತು. ಕುಡಿದು ವಾಹನ ನಡೆಸಿ ಹಾದಿಹೋಕರ ಪ್ರಾಣಕ್ಕೆ ಕುತ್ತು ತರುವವನಿಗೆ ಹತ್ತು ಸಾವಿರದ ದಂಡವನ್ನು ನಾವು ಕರಾಳ ಎನ್ನಲಾರೆವು. ಆದರೆ ದಿನಗೂಲಿಯವನಿಗೆ ಸಾವಿರ ರೂಪಾಯಿ ಎಂದರೆ ಎರಡು ದಿನಗಳ ಅನ್ನವಿರಬಹುದು. ಉಳ್ಳವನಿಗೆ ಅದು ಒಂದು ಹೊತ್ತಿನ ಉಪಾಹಾರದ ಹಣ. ದಂಡನೆಯ ಅಳತೆಯನ್ನು ತಪ್ಪಿನಿಂದ ಮಾತ್ರವಲ್ಲ, ಅದನ್ನು ಹೊರುವ ಹೆಗಲಿನಿಂದಲೂ ನೋಡಬೇಕಾಗುತ್ತದೆ. ಇಂಥಲ್ಲಿ ಪದವನ್ನು ತೂಗಿ ಬಳಸಬೇಕು. ತೋಳ ಬಂತು ತೋಳ ಎಂದು ದಿನವೂ ಕೂಗಿದರೆ, ನಿಜವಾಗಿ ಕೋರೆಹಲ್ಲಿನ ಕಾನೂನು ಬಂದ ದಿನ ಹೇಳಲು ನಮ್ಮಲ್ಲಿ ಪದವೇ ಉಳಿದಿರುವುದಿಲ್ಲ.

ಮುಗಿಸುವ ಮೊದಲು ಡ್ರೇಕೋನಿಗೂ ನ್ಯಾಯ ಸಲ್ಲಿಸಬೇಕು. ಕ್ರಿಸ್ತಪೂರ್ವ 594ರಲ್ಲಿ ಸೋಲನ್ ಎಂಬ ಜ್ಞಾನಿಯು ಅಥೆನ್ಸಿನ ಅಧಿಕಾರಕ್ಕೆ ಬಂದಾಗ ಡ್ರೇಕೋನ ಕಾನೂನುಗಳನ್ನೆಲ್ಲ ತೆಗೆದುಹಾಕಿದನು. ಒಂದನ್ನು ಮಾತ್ರ ಉಳಿಸಿದನು. ಅದು ಕೊಲೆಯನ್ನು ಕುರಿತ ಕಾನೂನು. ಸುಮಾರು ಇನ್ನೂರು ವರ್ಷಗಳ ಮೇಲೆ, ಕ್ರಿಸ್ತಪೂರ್ವ 409ರ ಹೊತ್ತಿಗೆ ಅದನ್ನು ಮತ್ತೆ ಕಲ್ಲಿನಲ್ಲಿ ಕೊರೆಸಿದರು. ಸವೆದ ಆ ಶಿಲಾಶಾಸನ ಅಥೆನ್ಸಿನ ಶಾಸನ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಉದ್ದೇಶವಿಲ್ಲದೆ ಕೊಂದವನಿಗೆ ಅದರಲ್ಲಿ ಮರಣವಿಲ್ಲ, ದೇಶಾಂತರ ಹೋಗಬೇಕು. ಸತ್ತವನ ತಂದೆ, ಸಹೋದರರು, ಮಕ್ಕಳು ಎಲ್ಲರೂ ಒಮ್ಮತದಿಂದ ಕ್ಷಮಿಸಿದರೆ ರಾಜಿಗೂ ಅವಕಾಶವುಂಟು. ತಿಳಿದು ಮಾಡಿದ್ದಕ್ಕೂ ತಿಳಿಯದೆ ಆದದ್ದಕ್ಕೂ ಭೇದವೆಣಿಸಿದ ಕಾನೂನು ಅದು. ನೆತ್ತರಿನಲ್ಲಿ ಬರೆದನೆಂದು ಹೆಸರಾದವನ ಕಾನೂನುಗಳಲ್ಲಿ ಕಾಲಕ್ಕೆ ತಡೆದು ನಿಂತದ್ದು ಕರುಣೆಗೆ ಎಡೆಯಿಟ್ಟ ಆ ಒಂದೇ ಕಾನೂನು.

ಆತನ ಹೆಸರಿನ ಬಗೆಗೂ ಒಂದು ಮಾತು. ಗ್ರೀಕಿನ ದ್ರಾಕೋನ್ ಎಂಬ ಪದವು ‘ನೋಡು’ ಎಂಬ ಅರ್ಥದ ಧಾತುವಿನಿಂದ ಬಂದದ್ದೆಂದು ಭಾಷಾವಿದರು ಹೇಳುತ್ತಾರೆ. ರೆಪ್ಪೆ ಬಡಿಯದೆ ದಿಟ್ಟಿಸುವುದರಿಂದ ಹಾವಿಗೆ ಆ ಹೆಸರು. ಆ ಧಾತುವಿಗೂ ನಮ್ಮ ಸಂಸ್ಕೃತದ ದೃಶ್ ಧಾತುವಿಗೂ ಮೂಲ ಒಂದೇ. ದೃಷ್ಟಿ, ದರ್ಶನ ಎಂಬ ಪದಗಳು ಬಂದದ್ದು ಅಲ್ಲಿಂದಲೇ. ಮನೆಯಲ್ಲಿ ಮಕ್ಕಳಿಗೆ, ಅಂಗಡಿಯಲ್ಲಿ ಆಳುಗಳಿಗೆ, ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಿಯಮ ಮಾಡುವ ನಮಗೆಲ್ಲ ಈ ಧಾತ್ವರ್ಥವೊಂದೇ ಸಾಕು. ನಿಯಮ ಮಾಡಿರಿ, ಬಿಗಿಯಾಗಿಯೇ ನಡೆಸಿರಿ. ಆದರೆ ದಂಡಿಸುವ ಮೊದಲು ಎದುರಿಗೆ ನಿಂತವನನ್ನು ಒಮ್ಮೆ ಕಣ್ಣೆತ್ತಿ ನೋಡಿರಿ. ನಿಮ್ಮ ಮನೆಯಲ್ಲಿ ಯಾರಾದರೂ ಮರೆಯಲ್ಲಿ ರೊಟ್ಟಿ ಕೊಡುತ್ತಿದ್ದಾರೆಂದು ತಿಳಿದರೆ, ಅವರ ಮೇಲೆ ಸಿಟ್ಟಾಗುವ ಮೊದಲು ನಿಮ್ಮ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿರಿ.

ತರುಣ ಮಿತ್ರನು ಈ ಪುಟವನ್ನು ಅಜ್ಜನಿಗೆ ಓದಿ ಹೇಳುವನೆಂದು ನಂಬಿದ್ದೇವೆ. ನಾಳೆಯಿಂದ ಕಾಲೇಜಿಗೂ ತಪ್ಪದೆ ಹೋಗುವನೆಂಬ ಆಸೆಯೂ ಇದೆ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಪದದೊಡನೆ ಭೇಟಿಯಾಗೋಣ.

ಶರಣು ಶರಣಾರ್ಥಿಗಳು.